ಸತ್ತವನ ಎಂಟು ಗಂಟೆ

ಡಿಸೆಂಬರ್ ಹನ್ನೊಂದು, ಬೆಳಗಿನ ಒಂಬತ್ತೂಕಾಲು. ಟೊಲೀಡೊ ಊರಿನ ಪೊಲೀಸ್ ಠಾಣೆಗೆ ಬಂದ ಲೊರೇನ್ ಸಾಬೊ, ಡಿಟೆಕ್ಟಿವ್ ಲೆನ್ ವೋಜ್ನಿಯ ಮೇಜಿನ ಮೇಲೆ ಒಂದು ಪ್ರಮಾಣಪತ್ರ ಇಟ್ಟಳು.

"ನನ್ನ ಗಂಡ ಗಸ್ ತೀರಿಕೊಂಡಿದ್ದು ಅಕ್ಟೋಬರ್ ಒಂಬತ್ತಕ್ಕೆ. ಇದರಲ್ಲಿ ನೋಡಿ, ನವೆಂಬರ್ ಹದಿನಾಲ್ಕಕ್ಕೆ ಎಂಟು ಗಂಟೆ ಪಾಠ ಕೇಳಿ ಮುಗಿಸಿದ್ದಾನೆ."

"ತಾರೀಕು ತಪ್ಪಿರಬಹುದು, ಮೇಡಂ."

"ಬದುಕಿದ್ದಾಗ ಎಂಟು ನಿಮಿಷ ಒಂದು ಕಡೆ ಕೂತವನಲ್ಲ. ಸತ್ತ ಮೇಲೆ ಬುದ್ಧಿ ಬಂತಾ?"

ವೋಜ್ನಿ ದೂರು ದಾಖಲಿಸಿಕೊಂಡ. ಗಸ್ ಮನೆಸಾಲ ಕೊಡಿಸುವ ಕೆಲಸದವನು. ಅದಕ್ಕೆ ರಾಜ್ಯದ ಲೈಸೆನ್ಸ್ ಬೇಕು; ವರ್ಷಕ್ಕೆ ಎಂಟು ಗಂಟೆ ಪಾಠ ಕೇಳದಿದ್ದರೆ ಡಿಸೆಂಬರ್ ಕೊನೆಗೆ ಅದು ಹೋಯಿತು. ವೋಜ್ನಿಗೆ ಆಯಾಸವಾಯಿತು. ಪೊಲೀಸರಿಗೂ ವಾರ್ಷಿಕ ಪಾಠದ ಕಾಟ ಇದ್ದೇ ಇತ್ತು. ಆತ ಪ್ರತಿ ವರ್ಷ ವಿಡಿಯೊ ಓಡಲು ಬಿಟ್ಟು ಕಾಫಿಗೆ ಎದ್ದು ಹೋಗುತ್ತಿದ್ದ.

ಮರುದಿನ ಮಧ್ಯಾಹ್ನ ಕಾನ್‌ಸ್ಟೇಬಲ್ ಡೆಲ್ಫೀನ್, ಗಸ್‌ಗೆ ಪ್ರಮಾಣಪತ್ರ ಕೊಟ್ಟ ಆನ್‌ಲೈನ್ ಶಾಲೆಯ ದಾಖಲೆ ಹಿಡಿದು ಬಂದಳು.

"ಒಂದೇ ಮನೆಯಿಂದ ನಲವತ್ಮೂರು ಜನ ಪಾಠ ಕೇಳಿದಾರೆ, ಲೆನ್. ಅದೇನು ಮನೆಯೋ ಛತ್ರವೋ?"

"ಯಾರ ಮನೆ?"

"ಮಾರ್ಲೀನ್ ಟ್ಯಾಕೆಟ್ ಅಂತ. ಎಲ್ಲರ ಹೆಸರಲ್ಲೂ ಅವಳೊಬ್ಬಳೇ ಕೂತು ಕೇಳಿರಬೇಕು. ಇನ್ನೊಂದು ತಮಾಷೆ ಕೇಳಿ. ಹೋದ ವರ್ಷದ ಪಾಠಾನೇ ಈ ವರ್ಷ ಕೇಳಿದ್ರೆ ಲೆಕ್ಕಕ್ಕಿಲ್ಲ ಅಂತ ನಿಯಮ ಇದೆ. ಎಷ್ಟೋ ಜನ ಅಲ್ಲೇ ಎಡವ್ತಾರೆ. ಈ ನಲವತ್ಮೂರರಲ್ಲಿ ಒಬ್ಬರದೂ ತಪ್ಪಿಲ್ಲ."

"ಕಳ್ಳತನಾನೂ ಕಾನೂನು ಪ್ರಕಾರ ಮಾಡಿದಾಳೆ ಅನ್ನು."

ಡಿಸೆಂಬರ್ ಹದಿಮೂರು, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ವೋಜ್ನಿ ಮತ್ತು ಡೆಲ್ಫೀನ್ ವಾರಂಟ್ ಹಿಡಿದು ಬಾಗಿಲು ಬಡಿದರು. ಐವತ್ತೆಂಟರ ಮಾರ್ಲೀನ್ ಕೊರಳಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಬಾಗಿಲು ತೆರೆದಳು. ಒಳಗೆ ಕಂಪ್ಯೂಟರಿನಲ್ಲಿ ಪಾಠ ನಡೆಯುತ್ತಿತ್ತು. ಕಪಾಟಿನಲ್ಲಿ ನಲವತ್ಮೂರು ನೋಟ್‌ಬುಕ್ಕುಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ವೋಜ್ನಿ ಗಸ್ ಹೆಸರಿನದನ್ನು ಬಿಡಿಸಿದ. ಪುಟ ತುಂಬ ಅಚ್ಚುಕಟ್ಟಾದ ಟಿಪ್ಪಣಿ.

"ಗಸ್ ಸತ್ತಿದ್ದು ಗೊತ್ತಿರಲಿಲ್ವಾ?"

"ಅಯ್ಯೋ, ಹೋಗಿಬಿಟ್ನಾ? ಯಾರೂ ಹೇಳಲಿಲ್ಲ. ಜನವರೀಲಿ ಹೆಸರು ಕೊಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲ್ಲ."

"ಪಾಠ ಓಡೋಕೆ ಬಿಟ್ಟು ನಿಮ್ಮ ಕೆಲಸ ನೋಡ್ಕೋಬಹುದಿತ್ತಲ್ಲ. ಇಷ್ಟೆಲ್ಲ ಯಾಕೆ ಬರೆದ್ರಿ?"

"ಪಾಠ ನಡೀತಿರುವಾಗ ಎದ್ದು ಹೋಗೋದಾ?" ಮಾರ್ಲೀನ್ ಪೋಲಿ ವಿದ್ಯಾರ್ಥಿಯನ್ನು ನೋಡುವ ಹಾಗೆ ಆತನನ್ನು ನೋಡಿದಳು.

"ನೀವೇ ಲೈಸೆನ್ಸ್ ತಗೊಂಡು ಕೇಳಬಹುದಿತ್ತು."

"ಲೈಸೆನ್ಸ್ ಇತ್ತು. ಹದಿನಾಲ್ಕು ವರ್ಷದ ಹಿಂದೆ ಒಬ್ಬ ಅಜ್ಜಿಗೆ ಮನೆ ಉಳಿಸಿಕೊಡೋಕೆ ಸಾಲದ ಕಾಗದದಲ್ಲಿ ಅವಳ ಆದಾಯ ಹೆಚ್ಚು ತೋರಿಸಿದೆ. ತಪ್ಪು ಒಪ್ಪಿಕೊಂಡೆ. ಮೋಸದ ಶಿಕ್ಷೆ ಆದವರಿಗೆ ಲೈಸೆನ್ಸ್ ಜನ್ಮದಲ್ಲಿ ಸಿಗಲ್ಲ." ಆಕೆ ನೋಟ್‌ಬುಕ್ ಕಡೆ ಕೈ ತೋರಿಸಿದಳು. "ಆ ನಿಯಮ ಈ ಪಾಠದಲ್ಲೂ ಬರುತ್ತೆ. ಬಂದಾಗಲೆಲ್ಲ ಬರ್ಕೊಂಡಿದೀನಿ."

ಡೆಲ್ಫೀನ್ ಕಪಾಟಿನ ನೋಟ್‌ಬುಕ್ಕುಗಳನ್ನು ಎಣಿಸತೊಡಗಿದಳು.

"ಇದು ಮುಗಿಯೋಕೆ ನಲವತ್ತು ನಿಮಿಷ ಇದೆ," ಎಂದಳು ಮಾರ್ಲೀನ್. "ಕೂತ್ಕೊಳ್ಳಲಾ?"

"ಆಗಲ್ಲ, ಮೇಡಂ. ಅದೂ ಅಪರಾಧಾನೇ."

ಆಕೆ ತಲೆಯಾಡಿಸಿ, ಅರ್ಧಕ್ಕೆ ಬಿಟ್ಟಿದ್ದ ವಾಕ್ಯ ಬರೆದು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದಳು. ಮೂರು ಗಂಟೆ ಐದು ನಿಮಿಷಕ್ಕೆ ಬಂಧನ. ಜಪ್ತಿ ಪಟ್ಟಿಯಲ್ಲಿ ನಲವತ್ಮೂರು ನೋಟ್‌ಬುಕ್ಕುಗಳು.

ಸಂಜೆ ವೋಜ್ನಿ ವರದಿ ಬರೆದ. ಅಪರಾಧದ ಕಾರಣ ಎಂಬಲ್ಲಿ, "ಆರೋಪಿಗೆ ಈ ಕೆಲಸ ಬಹಳ ಇಷ್ಟವಿತ್ತು" ಎಂದು ಬರೆದು, ಮೇಲಿನವರು ನಕ್ಕರೆ ನಗಲಿ ಎಂದು ಹಾಗೆಯೇ ಬಿಟ್ಟ. ಆಮೇಲೆ ಬಾಕಿ ಉಳಿದಿದ್ದ ತನ್ನ ವಾರ್ಷಿಕ ಪಾಠ ಓಡಲು ಬಿಟ್ಟು, ಕಾಫಿ ಲೋಟ ಹಿಡಿದು ಬಾಗಿಲವರೆಗೆ ಹೋದ. ಅಲ್ಲಿಂದ ವಾಪಸು ಬಂದು ಕುಳಿತ.