ಒಂದೇ ಫೈಲಿನ ಧಣಿ

ಸ್ಕ್ರೂಡ್ರೈವರಿನ ಮೊನೆ ನನ್ನ ಕಿವಿಯ ಕೆಳಗೆ ಚುಚ್ಚಿತು.

ರಕ್ತ ಕಾಲರಿಗೆ ಇಳಿಯಿತು... ಬೆಚ್ಚಗಿತ್ತು.

ಚುಚ್ಚಿದವನು ಧಣಿಯ ಬಂಟ. ಬೂಟಿನಲ್ಲೇ ಮಾತಾಡುವವನಾದ್ದರಿಂದ ಎಲ್ಲರಿಗೂ ಅವನು ಬೂಟು. ಮೆಟ್ಟಿಲಲ್ಲಿ ನಾಲ್ಕು ಮಹಡಿ ಅಟ್ಟಿಸಿಕೊಂಡು ಬಂದು, ನನ್ನನ್ನು ಸರ್ವರ್ ರೂಮಿನ ಕುರ್ಚಿಗೆ ದಬ್ಬಿದ್ದ.

ಧಣಿ ಬಾಗಿಲಿಗೆ ಒರಗಿದ್ದ. ಅವನ ಕಾರ್ಖಾನೆಯಲ್ಲಿ ಹೋದ ವಾರ ಬಾಯ್ಲರ್ ಸಿಡಿದು ಮೂವರು ಬೆಂದುಹೋಗಿದ್ದರು. ಬಾಯ್ಲರ್ ಹಚ್ಚಬೇಡಿ ಎಂದು ಇಂಜಿನಿಯರ್ ಹಿಂದಿನ ದಿನವೇ ಅವನಿಗೆ ಮೇಲ್ ಹಾಕಿದ್ದ. ಅರ್ಧ ಗಂಟೆಯಲ್ಲಿ ಪೊಲೀಸರು ಬರುತ್ತಾರೆ. ಅಷ್ಟರೊಳಗೆ ಆ ಮೇಲ್ ಮಾಯವಾಗಬೇಕು. ಸಿಕ್ಕರೆ ಧಣಿಗೆ ಜೈಲು.

ಇಂಥ ಕೊಳಕು ತೊಳೆಯುವುದೇ ನನ್ನ ಕಸುಬು. ಆದರೆ ಮೂರು ಹೆಣದ ಗೊಡವೆ ಬೇಡವೆಂದು ಓಡಿದ್ದೆ.

ಈ ಸರ್ವರ್ ಕಟ್ಟಿದವನೂ ನಾನೇ. ಆಗಲೇ ಬಡಿದುಕೊಂಡಿದ್ದೆ... ಒಬ್ಬನ ಮೇಲ್‌ಗಳನ್ನೆಲ್ಲ ಒಂದೇ ಉದ್ದನೆಯ ಫೈಲಿಗೆ ಸೇರಿಸುತ್ತ ಹೋಗಬಹುದು, ಇಲ್ಲವೇ ಪ್ರತಿ ಮೇಲ್‌ಗೂ ಬೇರೆ ಫೈಲ್ ಮಾಡಬಹುದು, ಎರಡನೆಯದೇ ಕ್ಷೇಮ ಎಂದು. ಧಣಿ ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನದೆಲ್ಲ ಒಂದೇ ಕಡೆ ಇರಬೇಕು, ಬೇಕೆಂದಾಗ ಜೇಬಿಗೆ ಹಾಕಿಕೊಂಡು ಹೋಗುವಂತಿರಬೇಕು ಎಂದ. ಅವನೊಬ್ಬನದು ಒಂದೇ ಫೈಲ್ ಆಯಿತು. ಉಳಿದವರಿಗೆ ನಾನು ಹೇಳಿದ ಹಾಗೆ.

"ಹತ್ತು ನಿಮಿಷ ಕೊಡಿ," ಎಂದೆ. "ಬರೋ ಮೇಲ್ ನಿಲ್ಲಿಸಿ ಆಮೇಲೆ ಕೈ ಹಾಕ್ತೀನಿ. ಇಲ್ದಿದ್ರೆ ಈ ಮಧ್ಯೆ ಬಂದದ್ದು ಅಳಿಸಿಹೋಗುತ್ತೆ."

"ಹೋದ್ರೆ ಹೋಗ್ಲಿ. ತೆಗಿ ಮೊದಲು."

ಬೂಟು ಸ್ಕ್ರೂಡ್ರೈವರ್ ತಿರುಚಿದ.

ಫೈಲ್ ತೆರೆದೆ. ಹುಡುಕಿದೆ. ಆ ಮೇಲ್ ಅಳಿಸಿದೆ.

ಅಷ್ಟರಲ್ಲಿ ಪಕ್ಕದ ಪರದೆಯಲ್ಲಿ ಒಂದು ಸಾಲು ಓಡಿತು. ಧಣಿಗೆ ಹೊಸ ಮೇಲ್! ಕಳಿಸಿದವನು ಅವನ ಅಣ್ಣ, ಕಾರ್ಖಾನೆಯ ಪಾಲುದಾರ. ಆ ಪರದೆಯಲ್ಲೇ ಇಣುಕಿ ಓದಿದೆ. ತಮ್ಮಾ, ನೀನು ಬೇಡವೆಂದು ಹೇಳಿದ ಮೇಲೂ ಬಾಯ್ಲರ್ ಹಚ್ಚಿಸಿದವನು ನಾನು, ಪೊಲೀಸರಿಗೆ ಇದನ್ನು ತೋರಿಸು ಎಂದು ಬರೆದಿದ್ದ.

ಸೇವ್ ಒತ್ತಿದೆ. ಫೈಲ್ ತಿದ್ದುವ ಎಡಿಟರ್ ತಡೆಯಿತು.

"ಏನಂತೆ?" ಧಣಿ ಕೇಳಿದ.

"ನಾನು ತೆರೆದ ಮೇಲೆ ಫೈಲ್ ಬದಲಾಗಿದೆಯಂತೆ. ಆದ್ರೂ ಬರೀಲಾ ಅಂತಿದೆ."

"ಏನ್ ಕೇಳಿದ್ರೂ ಹೂಂ ಅನ್ನು."

ಅಣ್ಣನ ಮೇಲ್ ಬಂದಿದೆಯೆಂದು ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಕುತ್ತಿಗೆ ಉರಿಯುತ್ತಿತ್ತು, ಆ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು.

ಹೂಂ ಅಂದೆ.

ನಾನು ತೆರೆದಾಗಿನ ಹಳೆಯ ಪ್ರತಿ ಹೊಸದರ ಮೇಲೆ ಕೂತು ಅಣ್ಣನ ಮೇಲ್ ಹೋಯಿತು... ಹೇಳಹೆಸರಿಲ್ಲದಂತೆ!

ಪೊಲೀಸರು ಬಂದಾಗ ಧಣಿ ನಗುತ್ತಲೇ ಕೂರಿಸಿದ. ಅವರು ಅವನ ಫೈಲ್ ನೋಡಿದರು. ಆಮೇಲೆ ಇಂಜಿನಿಯರನ ಮೇಲ್‌ಬಾಕ್ಸ್ ತೆರೆದರು. ಅವನು ಕಳಿಸಿದ ಎಚ್ಚರಿಕೆಯ ಪ್ರತಿ ಅಲ್ಲಿತ್ತು, ಕಳಿಸಿದ ಗಳಿಗೆಯ ಸಮೇತ. ಅದರ ಬಗ್ಗೆ ಧಣಿ ನನ್ನನ್ನು ಕೇಳಿರಲಿಲ್ಲ. ನಾನಾಗಿ ಹೇಳುವ ಸ್ಥಿತಿಯಲ್ಲೂ ಇರಲಿಲ್ಲ.

ಧಣಿಗೆ ಹತ್ತು ವರ್ಷ ಬಿತ್ತು. ಬಾಯ್ಲರ್ ಹಚ್ಚಿಸಿದ್ದಕ್ಕೆ ಏಳು, ಸಾಕ್ಷಿ ಅಳಿಸಿದ್ದಕ್ಕೆ ಮೂರು. ಅಳಿಸಿದ ಕೈ ನನ್ನದೇ, ಆದರೆ ಕುತ್ತಿಗೆಯ ಗಾಯ ನನ್ನನ್ನು ಉಳಿಸಿತು. ಹಚ್ಚಿಸಿದವನು ತಾನಲ್ಲ ಎಂದು ಧಣಿ ಕೋರ್ಟಿನಲ್ಲಿ ಗೋಗರೆದ. ಯಾರೂ ನಂಬಲಿಲ್ಲ.

ಧಣಿ ಅರೆಸ್ಟಾದ ಮರುದಿನ ಅವನ ಅಣ್ಣ ನನ್ನ ಹತ್ತಿರ ಬಂದಿದ್ದ. ತಮ್ಮನಿಗೊಂದು ಮೇಲ್ ಹಾಕಿದ್ದೆ, ಮುಟ್ಟಿತೇ ಎಂದು ಮೆಲ್ಲಗೆ ವಿಚಾರಿಸಿದ.

"ಇಲ್ಲ," ಎಂದೆ. "ನಿಮ್ಮ ಬಾಕ್ಸಲ್ಲಿ ಪ್ರತಿ ಇರುತ್ತೆ. ಬೇಕಾದ್ರೆ ಪೊಲೀಸರಿಗೆ ಕೊಡಿ."

ಅವನು ತನ್ನ ಕಂಪ್ಯೂಟರಿನ ಮುಂದೆ ಹೋಗಿ ಕೂತ.

ಅವನದು ಪ್ರತಿ ಮೇಲ್‌ಗೂ ಬೇರೆ ಫೈಲ್. ಅದೊಂದನ್ನು ಅಳಿಸುವುದಕ್ಕೆ ಯಾರ ಕುತ್ತಿಗೆಗೂ ಚುಚ್ಚಬೇಕಾಗಿರಲಿಲ್ಲ.