ಇದೆ, ಇಲ್ಲ ಮತ್ತು ಮೂರನೇ ವಾರ್ಡಿನ ಕೋಪ

"ಈ ವರದಿ ಬರೆದವರು ಯಾರು?"

ಬಾಗಿಲು ಕೂಡ ತಟ್ಟದೆ ನುಗ್ಗಿದವನ ದನಿಗೆ, ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಕೂತಿದ್ದ ಅವಳ ಕೈಲಿದ್ದ ಟೀ ತುಳುಕಿ ಕೀಬೋರ್ಡಿನ ಮೇಲೆ ಬಿತ್ತು.

ನೀಲಿ ಸಮವಸ್ತ್ರ. ಮೊಣಕೈವರೆಗೆ ಮಡಚಿದ ತೋಳು. ಎದೆಯ ಮೇಲೆ 'ಮುಖ್ಯ ನರ್ಸ್, ವಾರ್ಡ್ ಮೂರು' ಎಂಬ ಬಿಲ್ಲೆ.

ಓ... ಆರು ತಿಂಗಳಿಂದ ವಾರಕ್ಕೊಮ್ಮೆ ರೋಗಿಗಳ ವಿವರದ ಹಾಳೆಗಳ ಕಟ್ಟು ಕಳಿಸುತ್ತಿದ್ದ ಪುಣ್ಯಾತ್ಮ ಇವನೇನಾ?

"ನಾನೇ ಬರೆದಿದ್ದು. ಏನೀಗ?" ಎಂದಳು, ಕರವಸ್ತ್ರದಿಂದ ಕೀಬೋರ್ಡ್ ಒರೆಸುತ್ತಾ.

"ಏನೀಗ ಅಂತೀರಾ! ಮಲಗಿದಲ್ಲೇ ಇರೋ ರೋಗಿಗಳನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದ್ರೆ ಬೆನ್ನಿಗೆ ಹುಣ್ಣು ಜಾಸ್ತಿ ಆಗುತ್ತಂತೆ. ಇದನ್ನ ಬರೆಯೋವಾಗ ನಿಮ್ಮ ತಲೆ ಎಲ್ಲಿತ್ತು?"

"ನನ್ನ ತಲೆ ಇದ್ದಲ್ಲೇ ಇತ್ತು. ವಯಸ್ಸು, ತೂಕ, ಎಷ್ಟು ದಿನದಿಂದ ಮಲಗಿದ್ದಾರೆ, ಎಲ್ಲಾ ಸೇರಿಸಿ ಕಂಪ್ಯೂಟರಿನಲ್ಲಿ ಲೆಕ್ಕದ ಮಾಡೆಲ್ ಹೊಂದಿಸಿದ್ದೀನಿ. ಬಂದ ಉತ್ತರ ಬರೆದಿದ್ದೀನಿ. ನಿಮಗೆ ಬೇಕಾದ ಉತ್ತರ ಬರೀಲಿಕ್ಕೆ ನಾನಿಲ್ಲಿ ಕೂತಿಲ್ಲ!"

"ಬಲಗಡೆ ಸಾಲಿನವರನ್ನ ಹೊರಳಿಸಿದ್ವಿ, ಎಡಗಡೆಯವರನ್ನ ಮೊದಲಿನ ಹಾಗೇ ಬಿಟ್ವಿ. ಯಾವ ಕಡೆ ಹುಣ್ಣು ಕಡಿಮೆ ಅಂತ ವಾರ್ಡಿಗೆ ಬಂದ್ರೆ ಕಣ್ಣಿಗೇ ಕಾಣುತ್ತೆ!"

"ಕಣ್ಣಿಗೆ ಬೇಕಾದ್ದೇ ಕಾಣುತ್ತೆ. ಅದಕ್ಕೇ ಲೆಕ್ಕ ಅಂತ ಇರೋದು."

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಿಟ್ಟು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು.

"ಅಥವಾ... ಆ ಹಾಳೆಗಳನ್ನ ರೋಗಿಗಳನ್ನ ನೋಡದೆ ಕೂತಲ್ಲೇ ತುಂಬಿಸಿದ್ರೋ ಏನೋ! ಯಾರಿಗೆ ಗೊತ್ತು?"

ಅವನ ದವಡೆ ಬಿಗಿಯಿತು. ವರದಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

'ಎಂಥಾ ದುರಹಂಕಾರ!' ಎಂದುಕೊಂಡಳು. ಆದರೂ ಆ ದಿನವಿಡೀ ಅವನ ಮುಖವೇ ಕಣ್ಣ ಮುಂದೆ... ಬೈದು ಹೋದವನ ಮುಖವಲ್ಲ, ಏಟು ತಿಂದವನ ಮುಖ.

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಅವಳ ವರದಿ ನಂಬಿ ಅಂದೇ ಮಗ್ಗುಲು ಬದಲಾಯಿಸುವ ಕೆಲಸ ನಿಲ್ಲಿಸಿದರು. ಅದಕ್ಕೆಂದು ಕೊಟ್ಟಿದ್ದ ಇಬ್ಬರು ನರ್ಸ್‌ಗಳನ್ನು ಬೇರೆ ವಾರ್ಡಿಗೆ ಹಾಕಿದರು.

ಮೂರು ವಾರ ಕಳೆದ ಮೇಲೆ ಅವನಿಂದ ಅವಳಿಗೊಂದು ಮೇಲ್ ಬಂತು. ಒಂದೇ ಸಾಲು.

'ಹದಿನಾಲ್ಕನೇ ಹಾಸಿಗೆ. ಬಂದು ನೋಡಿ.'

ಬುಸುಗುಡುತ್ತಲೇ ಮೆಟ್ಟಿಲು ಹತ್ತಿದಳು. ಇವತ್ತು ಇವನಿಗೆ ಸರಿಯಾಗಿ ಹೇಳಿಯೇಬಿಡುತ್ತೇನೆ!

ಹದಿನಾಲ್ಕನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ. ನಲವತ್ತು ವರ್ಷ ಬಟ್ಟೆ ಹೊಲಿದವಳು, ಸೊಂಟ ಮುರಿದು ಮಲಗಿದ್ದಳು. ಅವನು ಅಜ್ಜಿಯನ್ನು ಮಗುವಿನಂತೆ ಒಂದು ಪಕ್ಕಕ್ಕೆ ಹೊರಳಿಸಿ, ಬೆನ್ನ ಕೆಳಗಿನ ಪಟ್ಟಿ ಬಿಚ್ಚಿದ.

ಅಂಗೈಯಗಲದ ಹುಣ್ಣು. ನಡುವೆ ಕಪ್ಪಗೆ.



"ಮೂರು ವಾರದ ಹಿಂದೆ ಇಲ್ಲಿ ಒಂದು ಗೆರೆ ಕೂಡ ಇರ್ಲಿಲ್ಲ," ಅವನ ದನಿ ತಣ್ಣಗಿತ್ತು. "ಇದನ್ನೂ ನಾನು ಕೂತಲ್ಲೇ ತುಂಬಿಸಿದೆ ಅಂತೀರಾ?"



ಕೋಣೆಗೆ ಮರಳಿದವಳು ಸಾಫ್ಟ್‌ವೇರ್ ತೆರೆಯಲಿಲ್ಲ. ಹಳೆಯ ಹಾಳೆಗಳನ್ನು ನೆಲದ ಮೇಲೆ ಹರಡಿ, ಪೆನ್ಸಿಲ್ ಹಿಡಿದು, ಮಕ್ಕಳು ಎಣಿಸುವ ಹಾಗೆ ಒಂದೊಂದೇ ಎಣಿಸಿದಳು. ನಾಲ್ಕು ಬಗೆಯ ಕೈಬರಹ, ಬೇರೆ ಬೇರೆ ಶಾಯಿ, ಔಷಧದ ಕಲೆ... ಕೂತು ತುಂಬಿಸಿದ ಹಾಳೆಗಳೇ ಅಲ್ಲ ಇವು!

ಹೊರಳಿಸಿದವರು ಅರವತ್ತೆರಡು ಜನ. ಹುಣ್ಣಾದದ್ದು ಐವರಿಗೆ.

ಹೊರಳಿಸದವರು ಐವತ್ತೆಂಟು. ಹುಣ್ಣಾದದ್ದು ಹದಿನೇಳು ಜನರಿಗೆ!

ಹಾಗಾದರೆ ಮಾಡೆಲ್ ಯಾಕೆ ಉಲ್ಟಾ ಹೇಳಿತು?

ಕಂಪ್ಯೂಟರಿನಲ್ಲಿ ಫೈಲ್ ತೆರೆದಳು. ಹುಣ್ಣಿನ ಕಾಲಮ್ಮಿನಲ್ಲಿ ಅವಳೇ ಟೈಪ್ ಮಾಡಿದ್ದ ಎರಡು ಪದಗಳು: 'ಇದೆ', 'ಇಲ್ಲ'. ಸಾಫ್ಟ್‌ವೇರ್ ಅವನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಂಡಿತ್ತು. ಎರಡರ ಮೊದಲಕ್ಷರವೂ 'ಇ'; ಮುಂದೆ 'ದ' ಮೊದಲು, 'ಲ' ಆಮೇಲೆ. ಮೊದಲು ಬಂದದ್ದನ್ನು ಅದು ಸೊನ್ನೆ ಎನ್ನುತ್ತದೆ, ಎರಡನೆಯದನ್ನು ಒಂದು. ಯಾವುದು ಒಂದೋ ಅದರ ಸಾಧ್ಯತೆಯನ್ನೇ ಮಾಡೆಲ್ ಲೆಕ್ಕ ಹಾಕುವುದು.

ಅಂದರೆ ಅದು ಹೇಳಿದ್ದು ಹೊರಳಿಸಿದರೆ ಹುಣ್ಣು *ಇಲ್ಲದಿರುವ* ಸಾಧ್ಯತೆ ಹೆಚ್ಚು ಎಂದು. ಅವಳು ಓದಿಕೊಂಡಿದ್ದು ಹುಣ್ಣಾಗುವ ಸಾಧ್ಯತೆ ಹೆಚ್ಚು ಎಂದು!

ಆ ಉತ್ತರವಿದ್ದ ಪುಟದಲ್ಲೇ, ವಯಸ್ಸಾದಷ್ಟೂ ಹುಣ್ಣು ಕಡಿಮೆ ಎಂದೂ ಇತ್ತು. ಅದನ್ನು ಕಂಡೂ ಅನುಮಾನ ಬರಲಿಲ್ಲವಲ್ಲ! ಒಂದು ಸಲ ಎಣಿಸಿ ನೋಡಿದ್ದರೆ... ಒಂದೇ ಒಂದು ಸಲ!

ಅಷ್ಟು ಸಿಟ್ಟು ಅವಳಿಗೆ ಜೀವನದಲ್ಲಿ ಯಾರ ಮೇಲೂ ಬಂದಿರಲಿಲ್ಲ, ತನ್ನ ಮೇಲೆ ಬಂದಷ್ಟು.

ಮರುದಿನದ ಸಭೆಯಲ್ಲಿ ಎಲ್ಲ ವಾರ್ಡುಗಳ ಮುಖ್ಯಸ್ಥರೂ ಇದ್ದರು. ಮೊದಲೇ ಅವಳಿಂದ ಎಲ್ಲ ಕೇಳಿದ್ದ ಸೂಪರಿಂಟೆಂಡೆಂಟ್ ಅವಳ ಕಿವಿಯ ಬಳಿ ಬಗ್ಗಿದರು. "ದೊಡ್ಡದು ಮಾಡೋದು ಬೇಡಮ್ಮ. 'ಹೊಸ ಮಾಹಿತಿಯಂತೆ ತಿದ್ದುಪಡಿ' ಅಂತ ಹಾಕಿ ಮುಗಿಸಿಬಿಡೋಣ."

"ಯಾವ ಹೊಸ ಮಾಹಿತಿ ಸರ್?" ಅವಳು ಎದ್ದು ನಿಂತಳು. ಧ್ವನಿ ತಾನಾಗಿಯೇ ಏರಿತು. "ಮಾಹಿತಿ ಮೊದಲಿಂದಲೂ ಸರಿಯಾಗೇ ಇತ್ತು! ಮೂರನೇ ವಾರ್ಡಿನವರು ಪ್ರಾಮಾಣಿಕವಾಗಿ ಬರೆದು ಕೊಟ್ರು. ಉತ್ತರವನ್ನ ತಿರುವುಮುರುವಾಗಿ ಓದಿದವಳು ನಾನು. ತಪ್ಪು ಪೂರ್ತಿ ನನ್ನದು. ದಯವಿಟ್ಟು ಅವರ ನರ್ಸ್‌ಗಳನ್ನ ಇವತ್ತೇ ವಾಪಸ್ ಕಳಿಸಿ."

 ಅವನು ಒಮ್ಮೆ ಅವಳತ್ತ ನೋಡಿ ಎದ್ದುಹೋದ.

ಮೆಟ್ಟಿಲಲ್ಲಿ ಓಡಿ ಹಿಡಿದಳು. "ನಿಲ್ಲಿ... ನನ್ನನ್ನ ಕ್ಷಮಿಸಿ."

"ನನ್ನ ಹತ್ರ ಕೇಳಿ ಏನು ಬಂತು? ಹುಣ್ಣು ನನ್ನ ಬೆನ್ನಿಗಾಗಿಲ್ಲ!"

ನೇರ ಅಜ್ಜಿಯ ಬಳಿ ಹೋದಳು. ನಡೆದದ್ದೆಲ್ಲ ಹೇಳಿ ಕೈ ಮುಗಿದಳು. 

"ನಿನಗೆ ನಾಲ್ಕು ಬಾರಿಸಬೇಕು ಅನಿಸ್ತಿದೆ ಕಣೇ. ಕೈ ಎತ್ತೋಕೆ ಆಗ್ತಿಲ್ಲ," ಎಂದಳು ಅಜ್ಜಿ. "ಸುಮ್ಮನೆ ಅಳ್ತಾ ನಿಲ್ಲಬೇಡ. ಈ ಮಗ್ಗುಲು ನೋಯ್ತಿದೆ, ಆ ಕಡೆ ಹೊರಳಿಸು."

ಅವಳು ಅಜ್ಜಿಯ ಭುಜ ಹಿಡಿದದ್ದೇ ತಡ, ಹಿಂದಿನಿಂದ ಅವನ ಗದರಿಕೆ.

"ಎಳೀಬೇಡಿ! ಚರ್ಮ ಉಜ್ಜಿ ಹರಿಯುತ್ತೆ. ಬೆನ್ನ ಕೆಳಗೆ ಕೈ ಕೊಟ್ಟು ಎತ್ತಿ. ಹಾಗಲ್ಲ! ...ಹೂಂ. ಹಾಗೆ."

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮೂರನೇ ವಾರ್ಡಿಗೆ ಬಂದಳು. ಅವನು ಗದರುತ್ತಲೇ ಕಲಿಸಿದ. ದಿಂಬು ಎಲ್ಲಿಡಬೇಕು, ಹಿಮ್ಮಡಿಯನ್ನು ಹೇಗೆ ಎತ್ತಿ ನಿಲ್ಲಿಸಬೇಕು... ಒಂದು ದಿನ ಅವಳು ಊಟ ಮಾಡಿಲ್ಲವೆಂದು ತಿಳಿದು, ತನ್ನ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದ.

"ತಿನ್ನಿ. ತಲೆ ಸುತ್ತಿ ರೋಗಿ ಮೇಲೆ ಬಿದ್ದು ಇನ್ನೊಂದು ಅನಾಹುತ ಮಾಡ್ಬೇಡಿ!"

"ಇವನ ಸಿಟ್ಟಿಗೆ ಉಪ್ಪು ಖಾರ ಸರಿಯಾಗಿದೆ, ತಿನ್ನು ತಿನ್ನು," ಎಂದು ಅಜ್ಜಿ ನಕ್ಕಳು.

ಅವಳೂ ನಗಬೇಕೆಂದುಕೊಂಡಳು. ಕಣ್ಣು ತುಂಬಿತು. 'ಇವನ ಬೈಗುಳ ಕೇಳದ ದಿನ ದಿನವೇ ಅಲ್ಲ ಅನಿಸೋಕೆ ಶುರುವಾಗಿದೆ... ಆದರೆ ಇವನು ನನ್ನನ್ನ ಯಾವತ್ತೂ ಕ್ಷಮಿಸಲ್ಲ.'

ಎಂಟು ವಾರಕ್ಕೆ ಹುಣ್ಣು ಮುಚ್ಚಿತು. ಮಗಳು ಬಂದು ಅಜ್ಜಿಯನ್ನು ಮನೆಗೆ ಕರೆದೊಯ್ದಳು. ಅದೇ ದಿನ ಇತ್ತ ಅವಳು ಲೆಕ್ಕದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಸಂಜೆ ಬಿಸಿಲಲ್ಲಿ ಸೈಕಲ್ ನಿಲ್ದಾಣದತ್ತ ನಡೆದಳು.

"ಎಲ್ಲಿಗೆ ಹೊರಟ್ರಿ?"

ಅವನು ಏದುಸಿರು ಬಿಡುತ್ತಿದ್ದ.

"ಬೇರೆ ಕಡೆ. ಇಲ್ಲಿ ನನ್ನ ಲೆಕ್ಕವನ್ನ ಇನ್ನು ಯಾರು ನಂಬ್ತಾರೆ?"

"ನಾನು!"

ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದ. "ಎಲ್ಲರೆದುರು ನಿಂತು ತಪ್ಪು ಒಪ್ಕೊಂಡವರನ್ನ ಬಿಟ್ಟು ಇನ್ಯಾರನ್ನ ನಂಬ್ಲಿ? ಒಪ್ಕೊಳ್ಳೋರೆಲ್ಲ ಹೋದ್ರೆ ಮುಚ್ಚಿಡೋರೇ ಉಳೀತಾರೆ, ಅಷ್ಟೇ!"

"ನಿಮಗೆ ನನ್ನ ಮೇಲಿನ ಕೋಪ..."

"ನಿಮ್ಮ ಮೇಲಿನದ್ದು ಎಂದೋ ಹೋಯ್ತು. ಉಳಿದಿರೋದು ನನ್ನ ಮೇಲಿನದ್ದು." ಅವನ ದನಿ ಮೊದಲ ಬಾರಿಗೆ ಕುಸಿಯಿತು. "ಅವತ್ತು ಬಂದು ಬರೀ ಕಿರುಚಾಡಿದೆ. 'ಬನ್ನಿ, ಇಬ್ರೂ ಕೂತು ಎಣಿಸೋಣ' ಅಂತ ಒಂದು ಮಾತು ಹೇಳಿದ್ರೆ ಅಜ್ಜಿ ಅಷ್ಟು ನೋವು ತಿಂತಿರ್ಲಿಲ್ಲ. ಆ ಭಾರನ ನೀವೊಬ್ರೇ ಹೊತ್ಕೊಂಡು ಹೋಗ್ತಿದ್ದೀರಿ... ಅದಕ್ಕೇ ಮೈ ಉರೀತಿದೆ!"

ಅವಳು ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದಳು. 

"ಬರೀ ಅದಕ್ಕೇನಾ?" ಪಿಸುಗುಟ್ಟಿದಳು.

ಅವನು ನೆಲ ನೋಡಿದ. ಕಿವಿ ಕೆಂಪಾಯಿತು.

"ನಾಳೆ ಮಧ್ಯಾಹ್ನ ನೀವು ಬರಲ್ಲ ಅಂತ ಗೊತ್ತಾದಾಗಿಂದ ನನಗೆ ಕೈಕಾಲೇ ಆಡ್ತಿಲ್ಲ. ಇಬ್ಬರು ರೋಗಿಗಳ ಔಷಧ ಮರೆತು ವಾಪಸ್ ಹೋದೆ. ಇಷ್ಟು ವರ್ಷದಲ್ಲಿ ಹಾಗಾಗಿದ್ದೇ ಇಲ್ಲ." ಒಂದು ಹೆಜ್ಜೆ ಮುಂದೆ ಬಂದು ಹ್ಯಾಂಡಲ್ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. "ಹೋಗ್ಬೇಡಿ."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಹೋಗ್ಬೇಡ," ಎಂದ, ಇನ್ನೂ ಮೆಲ್ಲಗೆ.

ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ಒರೆಸಿಕೊಳ್ಳದೆಯೇ ಅವಳು ನಕ್ಕಳು.

"ಹೋಗಲ್ಲ ಕಣೋ."