ಕಂಬಕ್ಕೆ ತಾಗಿದ ಉಂಗುರ

ಹಳೇಬೀಡಿನ ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನನ್ನ ಅಪ್ಪ ಜಿನರಾಜಯ್ಯ ಚರಿತ್ರೆಯ ಮೇಷ್ಟರು. ಸಂಜೆ ಬಸದಿಯ ತಣ್ಣನೆಯ ನೆಲದ ಮೇಲೆ ನನ್ನನ್ನು ಕೂರಿಸಿಕೊಂಡು, ಸುಮೇರಿಯನ್ನರ ಲಿಪಿ ಯಾವುದು, ಹರಪ್ಪದ ಮುದ್ರೆಗಳ ಮೇಲೆ ಯಾವ ಪ್ರಾಣಿ ಎಂದೆಲ್ಲ ಕೇಳುತ್ತಿದ್ದರು. ಬಿಸಿಲು ಇಳಿದಾಗ, ಕನ್ನಡಿಯಂತೆ ಹೊಳೆಯುವ ಕಂಬವನ್ನು ಉಂಗುರದಿಂದ ಮೆಲ್ಲಗೆ ತಟ್ಟುತ್ತಿದ್ದರು. ಪಾಠ ಮುಗಿಯಿತು, ಊಟಕ್ಕೆ ಏಳು ಎಂದು ಅದರರ್ಥ.

ನನ್ನ ಮಗಳು ಸುಪ್ರಭಾ ಹುಟ್ಟುವ ಮೊದಲೇ ಅಪ್ಪ ತೀರಿಕೊಂಡರು. ಹೋದ ತಿಂಗಳು ಅವಳಿಗೆ ಪರೀಕ್ಷೆಯಿತ್ತು. ಅದೇ ಕಂಬಕ್ಕೆ ಒರಗಿ ಕೂತು ಕೇಳಿದೆ. "ಮೆಸೊಪೊಟೇಮಿಯಾ ಅಂದ್ರೇನು?"

"ಎರಡು ನದಿಗಳ ನಡುವಿನ ನಾಡು. ಯಗಚಿ, ಹೇಮಾವತಿ ನಡುವೆ ನಮ್ಮ ಬಿಕ್ಕೋಡು ಇರೋ ಹಾಗೆ."

ಆ ಹೋಲಿಕೆ ಅಪ್ಪನದು. ಪುಸ್ತಕದಲ್ಲಿ ಇಲ್ಲ, ನಾನೂ ಅವಳಿಗೆ ಎಂದೂ ಹೇಳಿರಲಿಲ್ಲ. ನನ್ನ ಬೆನ್ನಿಗೆ ತಣ್ಣಗಿದ್ದ ಕಂಬ, ಆ ಬದಿಯಲ್ಲಿ ಯಾರೋ ಒರಗಿ ಕೂತ ಹಾಗೆ ಬೆಚ್ಚಗಾಗಿತ್ತು. ಅಪ್ಪನ ಮಾತು ಇನ್ನೊಮ್ಮೆ ಕೇಳಬಹುದೇನೋ ಎಂಬ ಆಸೆಗೆ ಮತ್ತೆ ಮತ್ತೆ ಪ್ರಶ್ನೆ ಕೇಳುತ್ತ ಹೋದೆ. ಹೊತ್ತು ಹೋದದ್ದು ತಿಳಿಯಲಿಲ್ಲ.

ಟಕ್, ಟಕ್ ಎಂದು ಕಂಬ ಸದ್ದು ಮಾಡಿತು.

ಸುಪ್ರಭಾ ತಲೆಯೆತ್ತದೆ ಪುಸ್ತಕ ಮುಚ್ಚಿದಳು. "ಏಳಮ್ಮ, ಊಟದ ಹೊತ್ತಾಯ್ತು."

"ಯಾರೇ ಹೇಳಿದ್ದು ನಿಂಗೆ?"

"ನಾನೊಬ್ಳೇ ಓದ್ಕೊಳಕ್ಕೆ ಬಂದಾಗ್ಲೂ ಹೀಗೇ ತಟ್ತಾರೆ. ಉಂಗುರದಲ್ಲಿ."

ನಾನು ನನ್ನ ಬರಿಯ ಬೆರಳುಗಳನ್ನು ನೋಡಿಕೊಂಡೆ. ಅಪ್ಪನ ಉಂಗುರವನ್ನು ಎಷ್ಟು ಎಳೆದರೂ ಬೆರಳಿನಿಂದ ಬಿಡಿಸಲಾಗದೆ, ಚಿತೆಗೆ ಅವರ ಜೊತೆಯಲ್ಲೇ ಕಳಿಸಿದ್ದೆವು.